ಸಾಹುಕಾರರ ಎಡಗಣ್ಣು

ಕಳೆದ ತಿಂಗಳು ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿರುವ ಇಬ್ಬರು ಹುಡುಗಿಯರು ಶಹಾಪುರದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು.

"ಅಮ್ಮಾರ, ಆಯಿಲ್ ಪೇಂಟಿಂಗ್ ಯಾವ ಕಾಲೇಜಿನ್ಯಾಗ ಕಲ್ತ್ರಿ?" ಎಂದು ಕೇಳಿದರು.

"ಕಾಲೇಜಿನ್ಯಾಗ ಅಲ್ಲವಾ, ಯಾದಗಿರಿಯ ಒಬ್ಬ ಸಾಹುಕಾರನ ಮಾರಿ ಮ್ಯಾಲ ಕಲ್ತೆ" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಚಹಾ ಕುಡಿದು, ನನ್ನ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಅವರು ಹೋದ ಮೇಲೆ, ಇದನ್ನು ಬರೆದಿಡಬೇಕು ಅನ್ನಿಸಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನಾನು ನನ್ನ ಚಿತ್ರದ ಅಂಗಡಿ ಮುಚ್ಚಿದ್ದೇನೆ. ಹೊತ್ತು ಹೋಗಬೇಕಲ್ಲ. ಎಲ್ಲೆಲ್ಲಿ ಸನ್ಮಾನ ಆಯಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಶಾಲುಗಳನ್ನು ಚಳಿಗಾಲದಲ್ಲಿ ಹೊದ್ದುಕೊಳ್ಳುತ್ತೇನೆ, ಫಲಕಗಳ ಮೇಲೆ ಬಿಸಿ ಬೋಗುಣಿ ಇಡುತ್ತೇನೆ. ಅವುಗಳ ಕಥೆ ಅಷ್ಟೇ.

ನನ್ನ ಊರು ಸುರಪುರದ ಹತ್ತಿರದ ದೇವಾಪುರ. ಅಪ್ಪ ಶಾಲೆಯಲ್ಲಿ ಜವಾನ. ಗೋಡೆ, ಹಂಚು, ಹಿಟ್ಟಿನ ಡಬ್ಬಿ, ಕೈಗೆ ಸಿಕ್ಕಿದ್ದರ ಮೇಲೆಲ್ಲ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದ ನನ್ನನ್ನು ಏನು ಮಾಡಬೇಕೆಂದು ತಿಳಿಯದೆ ಅಪ್ಪ ಸುರಪುರದ ರುಕ್ಮಣ್ಣ ಮಾಸ್ತರರ ಹತ್ತಿರ ಕರೆದುಕೊಂಡು ಹೋದ. ಮಾಸ್ತರರು ಶಾಲೆಯ ಮಾಸ್ತರರಲ್ಲ. ಎಣ್ಣೆಬಣ್ಣದಲ್ಲಿ ಮನುಷ್ಯರ ತಸ್ಬೀರು ಬರೆಯುವುದು ಅವರ ಕಸುಬು. ಸುತ್ತಲಿನ ವಾಡೆಗಳಲ್ಲಿ, ಅಡತಿ ಅಂಗಡಿಗಳಲ್ಲಿ ಗೋಡೆಯ ಮೇಲೆ ಮೀಸೆ ತಿರುವಿ ಕುಳಿತ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಿಂದಲೇ ಹುಟ್ಟಿದವರು. ನಾನಾಗ ಇಪ್ಪತ್ತು ದಾಟಿದವಳು.

ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗ ಯಾರ ಮ್ಯಾಲ ಭಾಳ ಸಿಟ್ಟದ?" ಎಂದರು.

ಅಪ್ಪ ಗಾಬರಿಯಾದ. ನಾನು ತಡಮಾಡದೆ, "ನಮ್ಮ ಸೋದರತ್ತಿ ಮ್ಯಾಲ್ರಿ" ಎಂದೆ.

"ಆಕಿ ಮಾರಿ ಬರಿ."

ಬರೆದೆ. ತುಟಿ ಕಚ್ಚಿಕೊಂಡು, ಅತ್ತೆ ನನ್ನ ಬಣ್ಣದ ಪೆಟ್ಟಿಗೆ ಒಲೆಗೆ ಹಾಕಿದ ದಿನವನ್ನು ನೆನೆಸಿಕೊಂಡು ಬರೆದೆ. ಅಪ್ಪ ಇಣುಕಿ ನೋಡಿ, ತನ್ನ ತಂಗಿಯನ್ನು ಕಂಡು, ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟ. ಮಾಸ್ತರರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಸಿಟ್ಟಿನ್ಯಾಗ ಬರದ್ರ ಹೋಲತದ. ಪ್ರೀತಿಲೆ ಬರದ್ರೂ ಹೋಲೂ ಹಂಗ ಆಗೂತನಕ ಇಲ್ಲೇ ಇರು" ಎಂದರು. ನನ್ನ ನೇಮಕಾತಿ ಆದದ್ದು ಹೀಗೆ.

ಅವರು ನನ್ನನ್ನು ಅಷ್ಟು ಬೇಗ ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದು ಆಮೇಲೆ ತಿಳಿಯಿತು. ಮಾಸ್ತರರ ಬಲಗೈ ನಡುಗಲು ಶುರುವಾಗಿತ್ತು. ಚಹಾದ ಬಸಿ ಹಿಡಿದರೆ ಕಪ್ಪು ಕಟಕಟ ಎನ್ನುತ್ತಿತ್ತು. ಹೊರಗಿನವರಿಗೆ ಗೊತ್ತಾಗದಂತೆ ಅವರು ಬಸಿಯನ್ನೇ ಬಿಟ್ಟು ಲೋಟದಲ್ಲಿ ಚಹಾ ಕುಡಿಯತೊಡಗಿದ್ದರು.

ಅಷ್ಟರಲ್ಲಿ ಯಾದಗಿರಿಯಿಂದ ಒಂದು ಕೆಲಸ ಬಂತು. ಅಲ್ಲಿ ಶಿವಶರಣಪ್ಪ ಸಾಹುಕಾರ ಎಂಬವರು ಬಹಳ ಹಿಂದೆ ಶೇಂಗಾ ಎಣ್ಣೆಯ ಮಿಲ್ಲು ಹಾಕಿ ದೊಡ್ಡವರಾಗಿ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೂವರು ಗಂಡುಮಕ್ಕಳು ಈಗ ಆಸ್ತಿ ಪಾಲು ಮಾಡಿಕೊಂಡರು. ಮಿಲ್ಲು, ಹೊಲ, ಹಿತ್ತಾಳೆ ಹಂಡೆ, ಕೊನೆಗೆ ಉಪ್ಪಿನಕಾಯಿ ಭರಣಿ ಕೂಡ ಪಾಲಾಯಿತು. ಪಾಲಾಗದೆ ಉಳಿದದ್ದು ತಂದೆಯ ತಸ್ಬೀರು ಒಂದೇ. ಹೈದರಾಬಾದಿನಿಂದ ಬಂದ ಚಿತ್ರಕಾರನೊಬ್ಬ ಬರೆದದ್ದಂತೆ. ಆಳೆತ್ತರದ ಚೌಕಟ್ಟು, ಕರಿ ಶೇರವಾನಿ, ಬಿಳಿ ರುಮಾಲು, ಕೆತ್ತನೆಯ ಕುರ್ಚಿ, ಮಗ್ಗುಲಿಗೆ ಮೇಜು, ಮೇಜಿನ ಮೇಲೆ ಗಡಿಯಾರ, ಒಂದು ದಪ್ಪ ಪುಸ್ತಕ. ಸಾಹುಕಾರರು ನೇರವಾಗಿ ನಮ್ಮನ್ನೇ ನೋಡುತ್ತಿದ್ದರು. ಕೋಣೆಯ ಯಾವ ಮೂಲೆಗೆ ಹೋದರೂ ನೋಡುತ್ತಿದ್ದರು.

ಮೂವರಿಗೂ ಅದೇ ಬೇಕು. ತಾಯಿ ಗೌರಮ್ಮನವರು ತೀರ್ಮಾನ ಕೊಟ್ಟರು: "ಎರಡು ನಕಲು ಮಾಡಸ್ರಿ. ಮೂರಕ್ಕೂ ಅರಿವಿ ಹೊಚ್ಚಿ ನಿಲ್ಲಸ್ರಿ. ಯಾರಿಗೆ ಯಾವುದು ಬರತದೋ ಬರಲಿ. ಅಸಲು ಯಾವುದು, ನಕಲು ಯಾವುದು ಯಾರಿಗೂ ತಿಳೀಬಾರದು."

ಅಂದರೆ ನಕಲು ಎಂಥದಿರಬೇಕು, ಯೋಚಿಸಿ. ಮೂಲಚಿತ್ರವನ್ನು ಸುರಪುರಕ್ಕೆ ಒಯ್ಯಲು ಅಣ್ಣತಮ್ಮಂದಿರು ಬಿಡಲಿಲ್ಲ. ಅವರ ಮನೆಯ ಮಾಳಿಗೆಯ ಕೋಣೆಯಲ್ಲೇ ಕೂತು ಬರೆಯಬೇಕು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲದ್ದರಿಂದ ಆ ಕೋಣೆಗೆ ಮೂವರೂ ಒಂದೊಂದು ಬೀಗ ಹಾಕಿದ್ದರು. ಬೆಳಿಗ್ಗೆ ಮೂವರೂ ಬಂದು ತೆಗೆದರೆ ನಮಗೆ ಕೆಲಸ. ಕಿರಿಯವನು ಏಳುವುದು ತಡವಾದರೆ ಮಾಸ್ತರರೂ ನಾನೂ ಮೆಟ್ಟಿಲ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದೆವು. ಮಾಸ್ತರರಿಗೆ ಹೊರಗಿನ ಪಡಸಾಲೆಯಲ್ಲಿ ವಸತಿ, ನನಗೆ ಗೌರಮ್ಮನವರ ಕೋಣೆಯಲ್ಲಿ. ನಾನು ಮಾಸ್ತರರ ಬ್ರಶ್ ತೊಳೆಯುವ, ಬಣ್ಣ ಕಲಸುವ ಹುಡುಗಿ ಎಂದು ಮನೆಯವರಿಗೆ ಹೇಳಲಾಗಿತ್ತು.

ಆದರೆ ಮಾಳಿಗೆಯ ಬಾಗಿಲು ಮುಚ್ಚಿದ ಮೇಲೆ ಬ್ರಶ್ ನನ್ನ ಕೈಗೆ ಬರುತ್ತಿತ್ತು. ಮಾಸ್ತರರು ಹಿಂದೆ ಕುರ್ಚಿಯಲ್ಲಿ ಕೂತು ಬಾಯಿಂದ ಚಿತ್ರ ಬರೆಯುತ್ತಿದ್ದರು.

"ಮೊದ್ಲ ತೆಳ್ಳಗ, ಆಮ್ಯಾಲ ಜಿಡ್ಡ. ತಳಕ್ಕ ಟರ್ಪಂಟೈನ್, ಮ್ಯಾಲ ಅಗಸಿ ಎಣ್ಣಿ. ಉಲ್ಟಾ ಮಾಡಿದ್ರ ಸಾಹುಕಾರ ಬ್ಯಾಸಗಿ ಹೊಲಧಂಗ ಬಿರೀತಾನ."

ಮೂಲಚಿತ್ರದ ಚೌಕಟ್ಟಿಗೆ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ ಚೌಕಗಳನ್ನು ಮಾಡಿದೆವು. ಕ್ಯಾನ್ವಾಸಿನ ಮೇಲೆ ಸೀಮೆಸುಣ್ಣದಿಂದ ಅವೇ ಚೌಕ. ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ಬರೆಯಬೇಕು. ಮುಖ ಅಂದುಕೊಂಡು ಬರೆದರೆ ಕೆಟ್ಟಿತು. ಮೊದಲ ಸಲ ನಾನು ಬರೆದ ಮೂಗು ಬದನೆಕಾಯಿಯಂತೆ ಬಂತು. ಒರೆಸಿದೆ. ಎರಡನೆಯದು ಅದೇ ಬದನೆಕಾಯಿಯ ತಮ್ಮ. ಮಾಸ್ತರರು ಹೇಳಿದರು, "ಮೂಗು ಅನ್ನೂದು ಇಲ್ಲs ಇಲ್ಲ ತಂಗಿ. ಆಚೀಚಿ ನೆರಳ ಅದ, ತುದೀಗಿ ಒಂದು ಚುಕ್ಕಿ ಬೆಳಕ ಅದ. ಅವೆರಡು ಹಚ್ಚು, ನಡುವ ಮೂಗು ತಾನs ಬಂದು ಕೂಡತದ."

ಹಾಗೆಯೇ ಬಂದು ಕೂತಿತು. ಆ ದಿನ ಖುಷಿಗೆ ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಕರಿ ಶೇರವಾನಿಯಲ್ಲಿ ಕಪ್ಪೇ ಇಲ್ಲ, ನೀಲಿಗೆ ಸುಟ್ಟ ಮಣ್ಣಿನ ಬಣ್ಣ ಸೇರಿದರೆ ಆ ಕಪ್ಪು ಬರುತ್ತದೆ ಎಂದು ಕಲಿತೆ. ಬಿಳಿ ರುಮಾಲಿನಲ್ಲಿ ಬಿಳಿ ಎಂಬುದು ಜೋಳದ ಕಾಳಿನಷ್ಟು, ಉಳಿದದ್ದೆಲ್ಲ ಬೂದಿ, ಹಳದಿ, ತಿಳಿನೀಲಿ ಎಂದು ಕಲಿತೆ. ಈಗಿನವರು ಹೊಸದಾಗಿ ಏನಾದರೂ ಮಾಡಬೇಕೆಂದು ಮೊದಲ ದಿನವೇ ಹೊರಡುತ್ತೀರಿ. ಮಾಡಿ. ಆದರೆ ಇನ್ನೊಬ್ಬರ ಚಿತ್ರವನ್ನು ಒಮ್ಮೆಯಾದರೂ ಪೂರ್ತಿ ನಕಲು ಮಾಡಿ ನೋಡಿ. ಆತ ಎಲ್ಲಿ ಕಷ್ಟಪಟ್ಟಿದ್ದಾನೆ, ಎಲ್ಲಿ ಬೇಜಾರಾಗಿ ಕೈ ತೊಳೆದುಕೊಂಡಿದ್ದಾನೆ, ಎಲ್ಲಿ ಸುಳ್ಳು ಹೇಳಿದ್ದಾನೆ ಎಲ್ಲವೂ ತಿಳಿಯುತ್ತದೆ.

ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ನಾನು ತಟ್ಟನೆ ಬ್ರಶ್ಶನ್ನು ಮಾಸ್ತರರ ಕೈಗೆ ಕೊಟ್ಟು, ಬಟ್ಟೆ ಹಿಡಿದು ಬಗ್ಗಿ ನಿಲ್ಲುತ್ತಿದ್ದೆ. ಪದೇ ಪದೇ ಬರುತ್ತಿದ್ದವನು ನಡುವಿನ ಮಗ ಬಸಣ್ಣ. ಒಮ್ಮೆ ಹಾಗೆ ಬಂದವನು ಮಾಸ್ತರರ ಹಿಂದೆಯೇ ನಿಂತುಬಿಟ್ಟ. ಏನೂ ಮಾಡದೆ ಕೂರುವಂತಿಲ್ಲ. ಮಾಸ್ತರರು ಬ್ರಶ್ಶನ್ನು ಕ್ಯಾನ್ವಾಸಿಗೆ ತಾಗಿಸದೆ ಗಾಳಿಯಲ್ಲೇ ಆಡಿಸಿದರು. ಕೈ ಗಡಗಡ ನಡುಗುತ್ತಿತ್ತು. ಬಸಣ್ಣ ಕಣ್ಣರಳಿಸಿ ನೋಡಿದ. ಕೆಳಗಿಳಿದು ಹೋಗಿ ಮನೆಮಂದಿಗೆಲ್ಲ, "ಏನ ಕೈರಿ ಅದು ಮಾಸ್ತರಂದು! ಏನ ಚುರುಕು! ಬ್ರಶ್ ಕಣ್ಣಿಗೇ ಕಾಣಂಗಿಲ್ಲ!" ಎಂದು ಹೇಳಿದನಂತೆ. ಗೌರಮ್ಮನವರು ಇದನ್ನು ನನಗೆ ಹೇಳಿ, ನನ್ನ ಮುಖವನ್ನೇ ನೋಡುತ್ತ, "ಹೌದೇನ?" ಎಂದರು. ನಾನು ನೆಲ ನೋಡಿದೆ. ನನ್ನ ಉಗುರಿನ ಸಂದಿಯಲ್ಲಿ ಸಾಹುಕಾರರ ಗಲ್ಲದ ಬಣ್ಣವಿತ್ತು.

ಇನ್ನು ನನ್ನ ದೊಡ್ಡ ಎಡವಟ್ಟು. ಮಾಸ್ತರರು ಮನೆಗೆಂದು ಸುರಪುರಕ್ಕೆ ಹೋದಾಗ ನಾನು ಬಣ್ಣ ಕಲಸಿಡುವ ನೆಪ ಹೇಳಿ ಬೀಗ ತೆಗೆಸಿಕೊಳ್ಳುತ್ತಿದ್ದೆ. ಹಾಗೆ ಒಬ್ಬಳೇ ಇದ್ದಾಗ ಅಗಸಿ ಎಣ್ಣೆ ತೀರಿತು. ತಂದುಕೊಡಿರೆಂದು ಬಸಣ್ಣನಿಗೆ ಹೇಳಿದರೆ, "ಊರಿಗೆಲ್ಲ ನಾವು ಎಣ್ಣಿ ಕೊಡ್ತೀವಿ, ನಮ್ಮಪ್ಪಗ ಹೊರಗಿನ ಎಣ್ಣಿ ಹಚ್ಚೂದೇನ?" ಎಂದು ಮಿಲ್ಲಿನಿಂದ ಡಬ್ಬಿ ತುಂಬ ಘಮಘಮಿಸುವ ಶೇಂಗಾ ಎಣ್ಣೆ ಕಳಿಸಿದ. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡೆ. ಬಣ್ಣ ಬೆಣ್ಣೆಯಂತೆ ಸರಿಯಿತು. ಎಡಗೆನ್ನೆ, ಬಲಗೆನ್ನೆ, ಗದ್ದ ಎಲ್ಲ ತಿದ್ದಿದೆ. ಸಾಹುಕಾರರು ಆಗತಾನೆ ಅಭ್ಯಂಜನ ಮಾಡಿಕೊಂಡು ಬಂದವರಂತೆ ಹೊಳೆದರು. ಮರುದಿನ ಒಣಗಿರಲಿಲ್ಲ. ವಾರವಾದರೂ ಒಣಗಲಿಲ್ಲ. ನೊಣವೊಂದು ಬಂದು ಗದ್ದಕ್ಕೆ ಅಂಟಿಕೊಂಡಿತು. ಅದನ್ನು ಕೀಳುವಷ್ಟರಲ್ಲಿ ಮಾಸ್ತರರು ಬಂದುಬಿಟ್ಟರು.

"ಈ ನರಹುಲಿ ಅಸಲಿನ್ಯಾಗ ಇಲ್ಲಲ್ಲ?" ಎಂದು ನೊಣ ತೋರಿಸಿದರು. ಹತ್ತಿರ ಬಂದು ಮೂಸಿದರು. ಬೈಯುತ್ತಾರೆಂದು ಕಾದೆ. ಅವರು ಗೋಡೆ ಹಿಡಿದು ನಗತೊಡಗಿದರು. "ಶೇಂಗಾ ಎಣ್ಣಿ! ಹುಚ್ಚಿ, ಅಗಸಿ ಎಣ್ಣಿ ಒಣಗತದ, ಇದು ನಾವು ಸತ್ರೂ ಒಣಗೂದಿಲ್ಲ. ಇನ್ನೊಂಚೂರು ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕು, ಸಾಹುಕಾರನ ಒಗ್ಗರಣಿ ಆಗತದ."

ಇಡೀ ಮುಖವನ್ನು ಚೂರಿಯಿಂದ ಕೆರೆದು ಮತ್ತೆ ಬರೆದೆ. ಆದರೆ ಎರಡನೆಯ ಸಲ ಬರೆದ ಮುಖ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಕೆಟ್ಟದ್ದನ್ನು ತೇಪೆ ಹಚ್ಚಲು ಹೋಗಬೇಡಿ, ಕೆರೆದು ಹಾಕಿ. ಇದು ನನ್ನ ಕಸುಬಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ.

ಮೊದಲ ನಕಲು ಮುಗಿಯಿತು. ಎರಡನೆಯದರಲ್ಲಿ ಕೈಗಳಿಗೆ ಬಂದಾಗ ನನಗೊಂದು ಅನುಮಾನ ಹುಟ್ಟಿತು. ಸಾಹುಕಾರರ ಮುಖ ದುಂಡಗೆ, ಕುತ್ತಿಗೆ ಗೂಳಿಯದು. ಆದರೆ ಕೈ ಮಾತ್ರ ಸಪೂರ, ಬೆರಳು ಉದ್ದ, ಉಗುರು ನಯ. ಮಧ್ಯಾಹ್ನ ಗೌರಮ್ಮನವರ ಜೊತೆ ಶೇಂಗಾ ಸುಲಿಯುತ್ತ ಕೇಳಿದೆ.

"ಆಯೀ, ಸಾಹುಕಾರ್ರ ಕೈ ಹಂಗ ಇದ್ವೇನ್ರಿ?"

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು. "ಅವು ಎಲ್ಲಿ ಅವನ ಕೈ? ಚೀಲ ಎತ್ತಿ ಎತ್ತಿ ಅವನ ಬೆರಳು ಬಾಳಿಕಾಯಿ ಆಗಿದ್ವು. ಒಂದs ದಿವಸ ಕುಂತ ನೋಡು. ಮಿಲ್ಲಿನ ಸದ್ದು ನಿಂತ್ರ ಸಾಕು, ಎದ್ದು ಓಡಾಂವ. ಬಣ್ಣದಾಂವ ಬ್ಯಾಸತ್ತು, ನಮ್ಮ ದರ್ಜಿಗೆ ಶೇರವಾನಿ ತೊಡಿಸಿ ಕುಂದ್ರಿಸಿದ. ಕೈ ದರ್ಜೀವು, ಶೇರವಾನಿ ಯಾರದೋ ವಕೀಲರದು. ಪುಸ್ತಕ ನೋಡಿದೇನ? ಅವನಿಗೆ ಒಂದಕ್ಷರ ಬರ್ತಿದ್ದಿಲ್ಲ."

"ಮಾರಿಯಾದ್ರೂ ಅವರದೇನ್ರಿ?"

ಮುದುಕಿಯ ನಗು ನಿಂತಿತು. ಸುಲಿದ ಕಾಳುಗಳನ್ನು ಮೊರದಲ್ಲಿ ಹಾಗೇ ಸರಿಸುತ್ತ ಕೂತರು.

"ಎಡಗಣ್ಣು ಅಲ್ಲ. ನನ್ನ ಗಂಡಂದು ಮೆಳ್ಳಗಣ್ಣು. ಬಣ್ಣದಾಂವ ಅದನ್ನ ನೆಟ್ಟಗ ಮಾಡಿಬಿಟ್ಟ, ಸಾಹುಕಾರನ ಮರ್ಯಾದಿ ಅಂತ. ನನ್ನ ನೋಡಾಕ ಬಂದಾಗ ಅಂವ ನಮ್ಮ ಅಕ್ಕನ್ನ ನೋಡಾಕತ್ತಾನ ಅಂದ್ಕೊಂಡು ನಾ ಹಲ್ಲು ಕಿಸಿದು ನಕ್ಕೋತ ನಿಂತಿದ್ದೆ. ನೋಡಿದ್ರ ನನ್ನs ನೋಡಾಕತ್ತಿದ್ದ! ನಗೂ ಹುಡುಗಿನೇ ಬೇಕು ಅಂದ. ಸಾಯೂತನಕ ಅಂವ ನನ್ನ ನೆಟ್ಟಗ ನೋಡಿಲ್ಲ. ಈಗ ಗ್ವಾಡಿ ಮ್ಯಾಲ ಕುಂತು ಕಣ್ಣಾಗ ಕಣ್ಣಿಟ್ಟು ನೋಡ್ತಾನ. ಯಾರೋ ಪರಗಂಡಸು ನೋಡಿಧಂಗ ಆಗತದ ನನಗ."

ಅವರು ಆ ತಸ್ಬೀರಿಗೆ ಒಂದು ದಿನವೂ ಹೂ ಏರಿಸದಿರುವುದನ್ನು ನಾನು ಗಮನಿಸಿದ್ದೆ. ಮಂಡಿನೋವು ಇರಬೇಕು ಎಂದುಕೊಂಡಿದ್ದೆ.

"ತಂಗಿ, ಬರಿಯಾಕಿ ನೀನs ಅನ್ನೂದು ನನಗ ಗೊತ್ತದ" ಎಂದರು. "ಎರಡನೇದ್ರಾಗ ನನ್ನ ಗಂಡನ ಕಣ್ಣು ಹಾಕು."

"ಆಯೀ, ನಿಮ್ಮ ಮಕ್ಕಳು ನಮ್ಮನ್ನ ಓಡಸ್ತಾರ್ರಿ."

"ಮಕ್ಕಳ ಸಲುವಾಗಿ ಅಲ್ಲ. ಶೈಲಾನ ಸಲುವಾಗಿ."

ಶೈಲಾ ಬಸಣ್ಣನ ಮಗಳು, ನನಗಿಂತ ಚೂರು ಸಣ್ಣವಳು. ಅವಳು ಯಾವಾಗಲೂ ಬಲಗೆನ್ನೆ ತೋರಿಸಿಯೇ ಮಾತಾಡುತ್ತಿದ್ದಳು, ಸೆರಗು ಎಡಗಡೆಗೆ ಇಳಿಬಿಡುತ್ತಿದ್ದಳು. ಕಾರಣ ಅದೇ. ಅವಳ ಎಡಗಣ್ಣು ಸ್ವಲ್ಪ ಹೊರಗೆ ಜಾರುತ್ತಿತ್ತು. ಅವಳು ಹುಟ್ಟುವ ಮೊದಲೇ ಅಜ್ಜ ತೀರಿಹೋಗಿದ್ದರು. ಫೋಟೋ ಒಂದೂ ಇರಲಿಲ್ಲ. ಬಂದ ವರಗಳಿಗೆಲ್ಲ ಬಸಣ್ಣ, "ನಮ್ಮ ಮನಿತನದಾಗ ಯಾರಿಗೂ ಇಲ್ಲರಿ, ಸಣ್ಣಾಕಿದ್ದಾಗ ಬಿದ್ದು ಹಂಗಾಗೇದ" ಎಂದು ಹೇಳುತ್ತಿದ್ದ. ಹುಡುಗಿ ಅದನ್ನೇ ನಂಬಿ, ತಾನು ಯಾವಾಗ ಬಿದ್ದೆ ಎಂದು ನೆನಪಿಸಿಕೊಳ್ಳಲು ಹೆಣಗುತ್ತಿದ್ದಳು.

ಅಂದಿನಿಂದ ಶೈಲಾ ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುವಾಗ ನಾನು ಕದ್ದು ಕದ್ದು ಅವಳ ಎಡಗಣ್ಣನ್ನು ನೋಡತೊಡಗಿದೆ. ಮಾಸ್ತರರು ಊರಿಗೆ ಹೋದ ದಿನ ನೋಡಿ ಆ ಕಣ್ಣನ್ನು ಬರೆದೆ. ಪಾಪೆಯನ್ನು ಕಿವಿಯ ಕಡೆಗೆ ಸರಿಸಿದೆ, ಅದರೊಳಗಿನ ಬೆಳಕಿನ ಚುಕ್ಕಿಯನ್ನೂ ಜೊತೆಗೆ ಸರಿಸಿದೆ. ಆದರೆ ಏನೋ ಸರಿಬರಲಿಲ್ಲ. ಮೆಳ್ಳಗಣ್ಣಿನ ಬದಲು ಯಾರೋ ಗೊಂಬೆಯ ಕಣ್ಣು ತಿರುಗಿಸಿದಂತೆ ಕಂಡಿತು.

ಮಾಸ್ತರರು ಮರಳಿ ಬಂದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ನಕಲು ಮಾಡಾಕ ಬಂದಾಕಿ ಅಸಲು ಮಾಡಾಕ ಹೊಂಟಿಯಲ್ಲ?"

ಬಾಗಿಲಲ್ಲಿ ಗೌರಮ್ಮನವರ ದನಿ. ಮಂಡಿ ಹಿಡಿದುಕೊಂಡು ಮಾಳಿಗೆ ಹತ್ತಿ ಬಂದಿದ್ದರು. "ನಾ ಹೇಳೀನಿ ಮಾಸ್ತರ."

"ಆಯೀ, ಬಸಣ್ಣ ನನ್ನ ಮಾಳಿಗಿ ಮ್ಯಾಲಿಂದ ಒಗೀತಾನ."

"ಒಗೀಲಿ ಬಿಡ್ರಿ. ಕೆಳಗ ಶೇಂಗಾ ಹೊಟ್ಟಿನ ಒಟ್ಟಲು ಅದ, ಪೆಟ್ಟು ಹತ್ತೂದಿಲ್ಲ."

ಮಾಸ್ತರರು ತಲೆ ಕೆರೆದುಕೊಂಡರು. ನಕಲು ಎಂದರೆ ನಕಲು, ಅದು ಅವರ ಜೀವಮಾನದ ಧರ್ಮ. ಆಳೆತ್ತರದ ಸುಳ್ಳಿನ ಮುಂದೆ, ಅರ್ಧ ಮುಗಿದ ನಿಜದ ಮುಂದೆ ಆಚೆ ಈಚೆ ಓಡಾಡಿದರು. ಕೊನೆಗೆ ಕುರ್ಚಿಯಲ್ಲಿ ಕೂತು ಹೇಳಿದರು, "ಮಾಡೂದಿದ್ರ ಚಂದಾಗಿ ಮಾಡು. ಬೆಳಕಿನ ಚುಕ್ಕಿ ಯಾಕ ಸರಿಸಿದಿ? ಕಿಟಕಿ ಎಲ್ಲದ ಅಲ್ಲೇ ಅದ. ಕಣ್ಣು ಎಲ್ಲಿ ಬೇಕಾದಲ್ಲಿ ತಿರುಗಲಿ, ಬೆಳಕು ತನ್ನ ಜಾಗಾ ಬಿಡಂಗಿಲ್ಲ. ಬಲಗಣ್ಣಾಗ ಎಲ್ಲದ, ಎಡಗಣ್ಣಾಗೂ ಅಲ್ಲೇ ಇಡು."

ಚುಕ್ಕಿಯನ್ನು ಒರೆಸಿ ಅದರ ಜಾಗದಲ್ಲಿ ಇಟ್ಟೆ. ಪಾಪೆ ಆಚೆ ಸರಿದಿತ್ತು, ಬೆಳಕು ಈಚೆಯೇ ಉಳಿಯಿತು. ಸಾಹುಕಾರರು ತಟ್ಟನೆ ಜೀವ ಬಂದವರಂತೆ ನನ್ನ ಭುಜದಾಚೆ ನೋಡಿದರು. ಹಿಂದೆ ಗೌರಮ್ಮನವರು, "ಬಂದಿ?" ಎಂದರು. ಅಷ್ಟೇ. ಸೆರಗಿನಿಂದ ಮೂಗು ಒರೆಸಿಕೊಂಡು ಕೆಳಗಿಳಿದು ಹೋದರು. ಅಂದಿನಿಂದ ಯಾರು ಮಾಳಿಗೆ ಹತ್ತಿ ಬಂದರೂ, ಬಣ್ಣ ಹಸಿ ಇದೆ ಎಂದು ಅದರ ಬಟ್ಟೆ ಸರಿಸಲು ಬಿಡಲಿಲ್ಲ.

ಆದರೆ ಮುದುಕಿ ಸುಮ್ಮನಿರುವವರಲ್ಲ. ತಸ್ಬೀರು ಹಂಚುವ ದಿನವೇ ಶೈಲಾಳನ್ನು ನೋಡಲು ಶಹಾಪುರದ ವರನ ಕಡೆಯವರನ್ನೂ ಕರೆಸಿದರು. "ದಿವಸ ಛಲೋ ಅದ, ಎರಡು ಸಲ ಹೋಳಿಗಿ ಯಾಕ ಮಾಡೂದು?" ಎಂದರು. ಪಡಸಾಲೆಯಲ್ಲಿ ಬೀಗರಾಗಬೇಕಾದವರು ಸಾಲಾಗಿ ಕೂತರು. ಗೋಡೆಗೊರಗಿಸಿ ಬಟ್ಟೆ ಹೊದಿಸಿದ ಮೂರು ತಸ್ಬೀರು. ಮಕ್ಕಳು ಮುಂದೆ ಬಂದಾಗ ಗೌರಮ್ಮನವರು, "ಹಿರ್ಯಾ ಆ ಕಡೀದು, ಕಿರ್ಯಾ ಈ ಕಡೀದು, ನಡುವಿನವ ನಡುವಿಂದು. ಇದ್ರಾಗ ಜಗಳೇನದ?" ಎಂದರು. ನಡುವೆ ಯಾವುದನ್ನು ನಿಲ್ಲಿಸಬೇಕೆಂದು ಬೆಳಿಗ್ಗೆಯೇ ನಮಗೆ ಅವರು ಹೇಳಿದ್ದರು.

ಬಟ್ಟೆಗಳು ಸರಿದವು. ಇಬ್ಬರು ಸಾಹುಕಾರರು ನೆಟ್ಟಗೆ ನೋಡಿದರು. ನಡುವಿನವರು ಬಾಗಿಲ ಕಡೆ ನೋಡುತ್ತಿದ್ದರು.

ಬಸಣ್ಣನ ಮುಖ ಮೆಣಸಿನಕಾಯಿ ಆಯಿತು. "ಮಾಸ್ತರ! ಏನಿದು? ನಿಮ್ಮ ಕೈ ನಡುಗಿ ಕಣ್ಣು ಜಾರೇದ!"

ಮಾಸ್ತರರು ಬೇರೆ ಏನನ್ನಾದರೂ ಸಹಿಸುತ್ತಿದ್ದರೋ ಏನೋ. ಎದ್ದು ನಿಂತರು. "ಕೈ ನಡಗತದ, ಖರೆ. ಅದಕ್ಕs ಈ ಮನ್ಯಾಗ ನಾ ಒಂದು ಗೆರಿನೂ ಎಳದಿಲ್ಲ. ಎಲ್ಲಾ ಬರದಾಕಿ ಈಕಿ. ಒಂದು ಕೂದಲೆಳಿ ಜಾರಿಲ್ಲ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಕಂಬದ ಹಿಂದೆ ಸರಿಯಲು ಹೋಗಿ ಕಂಬಕ್ಕೆ ಹಣೆ ಬಡಿಸಿಕೊಂಡೆ. ಹಿರಿಯ ಮಗ, "ಹುಡುಗಿ ಬರದಾಳ? ನಮ್ಮಪ್ಪನ್ನ?" ಎಂದ. ಬಸಣ್ಣ ತಸ್ಬೀರಿಗೆ ಮತ್ತೆ ಬಟ್ಟೆ ಎಳೆಯಲು ಹೊರಟ.

ಅಷ್ಟರಲ್ಲಿ ವರನ ಕಡೆಯ ಸಾಲಿನಿಂದ ಒಬ್ಬ ಮುದುಕರು ಕೋಲೂರಿ ಎದ್ದರು. ವರನ ಅಜ್ಜ ಚನ್ನಬಸಪ್ಪ. ನಡುವಿನ ತಸ್ಬೀರಿನ ಮುಂದೆ ಬಂದು ನಿಂತು ಕೈ ಮುಗಿದರು.

"ಶರಣ್ರಿ ಸಾಹುಕಾರ್ರ! ಅಬಾಬಾ, ಅದs ಕಣ್ಣು!" ಎಂದು ತಿರುಗಿ ಎಲ್ಲರಿಗೂ ಹೇಳಿದರು. "ಬಂಡಿಗಟ್ಟಲೆ ಶೇಂಗಾ ಹಾಕೀನಿ ಇವರ ಮಿಲ್ಲಿಗೆ. ಒಂದು ದಿವಸನೂ ಚೀಲದಾಗ ಕಲ್ಲು ಹಳ್ಳು ಬೆರಸಾಕ ಧೈರ್ಯ ಆಗಲಿಲ್ಲ. ತಕ್ಕಡಿ ನೋಡಾಕತ್ತಾರೋ ನನ್ನ ನೋಡಾಕತ್ತಾರೋ ತಿಳೀತಿದ್ದಿಲ್ಲ. ಆ ಎರಡೂ ಯಾರು? ಅವರ ತಮ್ಮಂದಿರೇನು?"

ಪಡಸಾಲೆಯಲ್ಲಿ ಮೊದಲು ನಕ್ಕವರು ಗೌರಮ್ಮನವರು. ಆಮೇಲೆ ಹೋಳಿಗೆಯ ವಾಸನೆಯಂತೆ ನಗು ಎಲ್ಲ ಕಡೆ ಹರಡಿತು. ಬಸಣ್ಣನೊಬ್ಬ ಬಟ್ಟೆಯ ತುದಿ ಹಿಡಿದು ನಿಂತಿದ್ದ. ಆಗಲೇ ಚಹಾದ ತಾಟು ಹಿಡಿದು ಶೈಲಾ ಹೊರಗೆ ಬಂದಳು. ಎಂದಿನಂತೆ ಎಡಗಡೆ ಸೆರಗು ಇಳಿದಿತ್ತು. ತಸ್ಬೀರು ಕಂಡು ಅಲ್ಲೇ ನಿಂತಳು. ಸೆರಗು ತಾನಾಗಿ ಹಿಂದೆ ಜಾರಿತು. ಅವಳು ಮುಖ ಎತ್ತಿ, ಪೂರ್ತಿ ಮುಖವನ್ನು ಎತ್ತಿ, ಅಜ್ಜನನ್ನು ನೋಡತೊಡಗಿದಳು. ಬಸಣ್ಣ ಮಗಳ ಮುಖ ನೋಡಿದ, ಬಟ್ಟೆಯ ತುದಿ ಕೈಬಿಟ್ಟ.

ವರ ಕೂತಿದ್ದದ್ದು ಆ ತಸ್ಬೀರಿನ ಪಕ್ಕದ ಕುರ್ಚಿಯಲ್ಲಿ. ಹುಡುಗಿ ಇಷ್ಟು ಧೈರ್ಯವಾಗಿ ತನ್ನನ್ನೇ ನೋಡುತ್ತಿದ್ದಾಳೆಂದು ಅವನು ನಾಚಿ, ಕಾಲರ್ ಸರಿಮಾಡಿಕೊಂಡು, ಮುಗುಳ್ನಕ್ಕ. ಮದುವೆ ನಿಶ್ಚಯವಾಯಿತು. ಎಷ್ಟೋ ವರ್ಷಗಳ ಮೇಲೆ ಶಹಾಪುರದ ಸಂತೆಯಲ್ಲಿ ಸಿಕ್ಕ ಶೈಲಾ ಹೇಳಿದಳು, "ನಾ ಅವತ್ತು ನೋಡಿದ್ದು ನಮ್ಮಜ್ಜನ್ನ. ಇವ್ರು ಇನ್ನೂ 'ನೀನs ಮೊದ್ಲ ನನ್ನ ನೋಡಿದಿ' ಅಂತ ಕುಣೀತಾರ. ಅಂದ್ಕೊಳ್ಳಲಿ ಬಿಡಕ್ಕ, ನನಗೇನು ಖರ್ಚು?"

ಗೌರಮ್ಮನವರು ನಡುವಿನ ತಸ್ಬೀರನ್ನು ತಮ್ಮ ಕೋಣೆಗೇ ತರಿಸಿಕೊಂಡರು. ಹೂ ಏರಿಸಿದರು. ಬೆಳಿಗ್ಗೆ ಎದ್ದ ಕೂಡಲೆ ಅದರ ಮುಂದೆ ನಿಂತು, ಸೊಸೆಯಂದಿರ ಚಾಡಿ ಹೇಳುತ್ತಿದ್ದರಂತೆ.

ಆ ದಿನದಿಂದ ನನ್ನ ಹೆಸರು ಯಾದಗಿರಿ, ಶಹಾಪುರ, ಸುರಪುರ ಎಲ್ಲ ಕಡೆ ಹರಡಿತು. ಹೊಗಳಿಕೆಯಿಂದಲ್ಲ, "ಸಾಹುಕಾರಗ ಮೆಳ್ಳಗಣ್ಣು ಹಾಕಿದಾಕಿ" ಎಂದು. ಮಾಸ್ತರರು ಅಂಗಡಿಯ ಕೀಲಿ ನನ್ನ ಕೈಗೆ ಕೊಟ್ಟು, ಧಾರಾಳವಾಗಿ ಬಸಿಯಲ್ಲಿ ಚಹಾ ಕುಡಿಯತೊಡಗಿದರು. ಮುಂದೆ ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ನನ್ನದೇ ಅಂಗಡಿ ಹಾಕಿದೆ.

ಈ ಕಸುಬಿಗೆ ಬರುವವರು ಒಂದು ತಿಳಿದಿರಬೇಕು. ಚಿತ್ರ ಬರೆಸುವವರು ಎರಡು ಥರ. ನಮ್ಮಪ್ಪ ಇದ್ದಂತೆ ಬರೆಯಿರಿ ಎನ್ನುವವರು, ನಮ್ಮಪ್ಪ ಇರಬೇಕಾಗಿದ್ದಂತೆ ಬರೆಯಿರಿ ಎನ್ನುವವರು. ಎರಡನೆಯವರೇ ಹೆಚ್ಚು. ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಇಂಜಿನಿಯರ್ ಸಾಹೇಬರಿಗೆ ತಮ್ಮ ಹಿಂದೆ ಅಣೆಕಟ್ಟಿನ ಎಲ್ಲ ಗೇಟುಗಳೂ ತೆರೆದು ನೀರು ಧುಮುಕುತ್ತಿರಬೇಕು ಎಂದು ಆಸೆ. ಬರೆದು ಕೊಟ್ಟೆ. ಅವರ ಹೆಂಡತಿ ನೋಡಿ, "ಮನ್ಯಾಗ ನಳದ ವಾಷರ್ ಹಾಕಾಕ ಬರಂಗಿಲ್ಲ, ಇಷ್ಟು ನೀರು ಬಿಟ್ಟು ಕುಂತಾರ" ಎಂದರು. ಸಾಹೇಬರು ನನ್ನನ್ನು ಮತ್ತೆ ಕರೆಸಿ, ಒಂದೆರಡು ಗೇಟು ಬಿಟ್ಟು ಉಳಿದವನ್ನೆಲ್ಲ ಮುಚ್ಚಿಸಿದರು.

ಆಮೇಲೆ ಫ್ಲೆಕ್ಸ್ ಬಂತು. ನಾನು ತಿಂಗಳುಗಟ್ಟಲೆ ಬರೆಯುವ ಮುಖವನ್ನು ಯಂತ್ರ ಒಂದು ಚಹಾ ಕುಡಿಯುವಷ್ಟರಲ್ಲಿ ಉಗುಳತೊಡಗಿತು, ಅದೂ ಎಲ್ಲರನ್ನೂ ಹಿಟ್ಟು ಬಳಿದಂತೆ ಬೆಳ್ಳಗೆ ಮಾಡಿ. ಕೆಲವು ವರ್ಷ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ. ಆದರೆ ನಮ್ಮ ಕಡೆಯ ಬಿಸಿಲು ನನ್ನ ಪಕ್ಷದಲ್ಲಿತ್ತು. ಎರಡು ಬೇಸಿಗೆಗೆ ಫ್ಲೆಕ್ಸಿನ ಹಿರಿಯರೆಲ್ಲ ಮೂಗು ಬಾಯಿ ಮಾಸಿ ಬಿಳಿ ಹಾಳೆಯಾದರು. ಜನ ಸುರುಳಿ ಸುತ್ತಿಕೊಂಡು ಮತ್ತೆ ನನ್ನ ಹತ್ತಿರ ಬಂದರು. ಯಂತ್ರವನ್ನು ನಾನು ಬೈಯುವುದಿಲ್ಲ. ಮೊಬೈಲಿನಲ್ಲಿ ಮುಖ ದೊಡ್ಡದು ಮಾಡಿ ನೋಡಿ ಕಣ್ಣಿನ ಅಂಚು ಬರೆಯುವುದನ್ನು ನಾನೂ ಕಲಿತೆ. ಆದರೆ ಸಿಕ್ಕರೆ ಎದುರಿಗೆ ಕೂತ ಮನುಷ್ಯನನ್ನು ಬಿಡಬೇಡಿ.

ಅಂಗಡಿ ಮುಚ್ಚುವ ಮೊದಲು ನಾನು ಬರೆದ ಕೊನೆಯ ತಸ್ಬೀರು ಹಾಗೆ ಎದುರಿಗೆ ಕೂತವನದೇ. ವನದುರ್ಗದಿಂದ ಒಬ್ಬ ಹೆಂಗಸು ತನ್ನ ಗಂಡನನ್ನು ಎಳೆದುಕೊಂಡು ಬಂದಳು. ಆತ ಹೊಲ, ಎಮ್ಮೆ ನೋಡಿಕೊಂಡಿರುವವ, ಗಟ್ಟಿಮುಟ್ಟಾಗಿದ್ದ. ನನಗೆ ಆಶ್ಚರ್ಯ. ನಮ್ಮಲ್ಲಿ ಬದುಕಿದ್ದಾಗ ತಸ್ಬೀರು ಬರೆಸುವವರು ಸಾಹುಕಾರರು, ಸಾಹೇಬರು ಅಷ್ಟೇ.

"ಈಗs ಯಾಕ ಬರಸ್ತಿಯವ್ವ?" ಎಂದೆ.

"ಸತ್ತ ಮ್ಯಾಲ ಎಲ್ಲಾ ಗಂಡಂದ್ರೂ ಒಳ್ಳೇವ್ರಾಗಿ ಕಾಣ್ತಾರ್ರಿ" ಎಂದಳು. "ನಮ್ಮ ಓಣ್ಯಾಗ ನೋಡೀನಿ. ಇದ್ದಾಗ ದಿನಾ ಬೈದಾಡಿದವ್ರು, ಹೋದ ಮ್ಯಾಲ ಫೋಟೋ ಮುಂದ ಕುಂತು ದೇವರಂಥಾಂವ ಇದ್ದ ಅಂತ ಅಳ್ತಾರ. ನನಗ ಹಂಗ ಮೋಸ ಆಗಬಾರದು. ಇವ್ರು ಹ್ಯಾಂಗ ಅದಾರ ಹಂಗs ಬರೀರಿ."

ಗಂಡ ಗುರ್ ಎಂದ. ಆದರೆ ಕುರ್ಚಿಯಿಂದ ಏಳಲಿಲ್ಲ. ಬಂದಾಗಲೆಲ್ಲ ಅವಳು ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತ ನನಗೆ ಹೇಳಿಕೊಡುತ್ತಿದ್ದಳು. ಹುಬ್ಬು ಇನ್ನೂ ಗಂಟು ಹಾಕ್ರಿ, ತುಟಿ ಅಷ್ಟು ಸಡಲ ಬಿಡಬ್ಯಾಡ್ರಿ. ಅವನು ಬೈದರೆ, "ಹಾಂ, ಇದs ನೋಡ್ರಿ, ಇದನ್ನ ಹಿಡೀರಿ!" ಎನ್ನುತ್ತಿದ್ದಳು. ನಾನು ನಗು ತಡೆಯಲು ಬ್ರಶ್ಶಿನ ಹಿಡಿಕೆ ಕಚ್ಚಿಕೊಂಡು ಬರೆದೆ.

ಮುಗಿದ ದಿನ ಆತ ಎದ್ದು ಬಂದು ತನ್ನ ತಸ್ಬೀರಿನ ಮುಂದೆ ನಿಂತ. ಬಹಳ ಹೊತ್ತು ನೋಡಿದ. ಮೀಸೆ ಮುಟ್ಟಿಕೊಂಡ. ದನಿ ತಗ್ಗಿಸಿ, "ಇಷ್ಟು ಸಿಟ್ಟಿನ ಮಾರಿ ಏನ ನಂದು?" ಎಂದು ಹೆಂಡತಿಯನ್ನು ಕೇಳಿದ.

ಅವಳು ಅಡಿಕೆ ಬಾಯಿಗೆ ಹಾಕಿಕೊಂಡು, ಕುತ್ತಿಗೆ ವಾರೆ ಮಾಡಿ ಒಮ್ಮೆ ತಸ್ಬೀರು, ಒಮ್ಮೆ ಗಂಡನನ್ನು ನೋಡಿ, ಸಮಾಧಾನದಿಂದ ಹೇಳಿದಳು:

"ಇದು ನೀವು ಖುಷಿಲೆ ಇದ್ದಾಗಿಂದು."